ನೀರಿನ ಹಿಂದಿದ್ದ ಮೆಟ್ಟಿಲು

ಶಾಯಿಯಲ್ಲಿ ಬರೆದ ಅಂಕಿಯನ್ನು ನಂಬುವುದು ನನ್ನ ಹಳೆಯ ದೌರ್ಬಲ್ಯ. ಅದರಲ್ಲೂ ಬರೆದವನು ನಾನೇ ಆಗಿದ್ದರೆ ಮುಗಿಯಿತು. ಹೊಳೆಯೇ ಎದ್ದು ಬಂದು ನನ್ನ ಲೆಕ್ಕ ತಪ್ಪೆಂದರೂ ಒಮ್ಮೆ ಫೀಲ್ಡ್ ಬುಕ್ ತೆರೆದು ತೋರಿಸಿ ಅದನ್ನು ಹಿಂದಕ್ಕೆ ಕಳುಹಿಸುವಷ್ಟು ಧೈರ್ಯ ನನಗಿತ್ತು. ಗುಂಡ್ಲುಪೇಟೆ ಕಡೆಯಿಂದ ಬಂದು ಉದಕಮಂಡಲದ ಸರ್ವೆ ಕಚೇರಿ ಸೇರಿದವನಿಗೆ ಬೆಟ್ಟದ ಚಳಿ ತಡೆಯಲು ಉಣ್ಣೆಯ ಕೋಟಿಗಿಂತ ಈ ಆತ್ಮವಿಶ್ವಾಸವೇ ಹೆಚ್ಚು ಒದಗಿತು.

ವಿದ್ಯುತ್ತಿಗಾಗಿ ಅಣೆ ಕಟ್ಟುವ ಮೊದಲು, ಮುಳುಗಲಿದ್ದ ಕಣಿವೆಯ ನಕ್ಷೆ ಮಾಡುವ ಕೆಲಸ ನಮ್ಮ ತಂಡಕ್ಕೆ ಬಂದಿತ್ತು. ಅಲ್ಲೊಂದು ಜಲಪಾತ. ಸುತ್ತ ಕಣಿವೆಯ ಮಡಿಕೆಗಳಲ್ಲಿ ದಟ್ಟ ಶೋಲೆ ಕಾಡು, ಮೇಲೆ ಹುಲ್ಲುಬೆಟ್ಟ. ಜಲಪಾತದ ಎತ್ತರ ಅಳೆಯಲು ಅದರ ನೆತ್ತಿಯಿಂದ ತೂಕದ ಗುಂಡು ಕಟ್ಟಿದ ಹಗ್ಗ ಇಳಿಸಿದೆವು. ನಲವತ್ತು ಅಡಿಗೆ ಹಗ್ಗ ಸಡಿಲವಾಯಿತು. ನಾನು ನಲವತ್ತು ಎಂದು ಬರೆದೆ.

ಹಗ್ಗ ಹಿಡಿದಿದ್ದವರು ಪಕ್ಕದ ಹಟ್ಟಿಯ ಜೋಗಿಗೌಡರು. ಐವತ್ತು ದಾಟಿದವರು, ನೀಲಗಿರಿಯ ಬಡಗ ಸಮುದಾಯದವರು. ತಲೆಗೆ ಬಿಳಿ ಮುಂಡಾಸು, ಮಾತು ಕಡಿಮೆ. ಗುಂಡು ತಳ ಮುಟ್ಟಿಲ್ಲ, ನೀರಿನ ಹಿಂದೆ ಬಂಡೆಯ ಮೆಟ್ಟಿಲೊಂದಿದೆ, ಗುಂಡು ಅದರ ಮೇಲೆ ಕೂತಿದೆ ಎಂದು ಅವರು ಹೇಳಿದರು. ನೀರಿನ ಹಿಂದಿರುವುದು ನಿನಗೆ ಹೇಗೆ ಕಾಣಿಸಿತು ಎಂದು ನಾನು ಎಲ್ಲರೆದುರು ಕೇಳಿದೆ.

"ಕಂಡದ್ದಿಲ್ಲೆ ಅಯ್ಯಾ, ಕೂತದ್ದು. ಎನ್ನ ಅಪ್ಪನೂ ನಾನೂ ಅಲ್ಲಿ ಕೂತವರು" ಎಂದರು.

ಕೂಲಿಯವರು ನಕ್ಕರು. ಅವರು ನಕ್ಕದ್ದು ನನ್ನನ್ನು ನೋಡಿ ಎಂದು ನನಗೆ ಅನ್ನಿಸಿತು. ಸಂಜೆ ಮೇಸ್ತ್ರಿಗೆ, ಈತ ಕೆಲಸಕ್ಕಿಂತ ವಾದ ಹೆಚ್ಚು ಮಾಡುತ್ತಾನೆ ಎಂದೆ. ಮರುದಿನದಿಂದ ಜೋಗಿಗೌಡರು ಬರಲಿಲ್ಲ. ನಾನು ವಿಚಾರಿಸಲೂ ಇಲ್ಲ.

ಅಣೆ ಎದ್ದಿತು, ಕಣಿವೆ ತುಂಬಿತು. ಜಲಪಾತ ಮುಳುಗಿದ ಮೇಲೆ ನನ್ನ ನಲವತ್ತನ್ನು ಅಲ್ಲಗಳೆಯುವವರು ಯಾರೂ ಉಳಿಯಲಿಲ್ಲ. ಸಾಕ್ಷಿಯೇ ನೀರಿನಡಿ ಮಲಗಿರುವಾಗ ಪಂಡಿತನಾಗಿರುವುದು ಬಹಳ ಸುಲಭ. ಹಳೆಯ ಶಾಸನಗಳ ಅರ್ಥದ ಬಗ್ಗೆ ಕೆಲವು ವಿದ್ವಾಂಸರಿಗಿರುವ ನೆಮ್ಮದಿಯೂ ಇದೇ ಜಾತಿಯದಿರಬೇಕು. ಬರೆಸಿದ ರಾಜ ಎದ್ದು ಬರುವುದಿಲ್ಲವಲ್ಲ.

ಆರು ವರ್ಷಗಳ ಮೇಲೆ ಮಳೆ ಕೈಕೊಟ್ಟಿತು. ಅಣೆಯ ನೀರು ಇಳಿಯುತ್ತ ಇಳಿಯುತ್ತ ಹಳೆಯ ಜಲಪಾತ ಮೇಲೆ ಬಂದಿದೆ ಎಂಬ ಸುದ್ದಿ ಊಟಿಯ ಸಂತೆಯಲ್ಲಿ ಕಿವಿಗೆ ಬಿತ್ತು. ಭಾನುವಾರ ಅಳತೆಯ ಪಟ್ಟಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ನಾನು ಸರಿ ಎಂದು ಇನ್ನೊಮ್ಮೆ ನೋಡಿ ಬರುವ ಖುಷಿ ನನಗಿತ್ತು. ಸಂಶಯ ಇರಲಿಲ್ಲ, ಪ್ರಮಾಣ ಮಾಡಿ ಹೇಳುತ್ತೇನೆ.

ಬಸ್ಸಿಳಿದು ಒಂದು ಗಂಟೆ ನಡೆದೆ. ಬಿರುಕು ಬಿಟ್ಟ ಕೆಸರು, ಕಪ್ಪಾದ ಮರದ ಬೊಡ್ಡೆಗಳು, ಯಾರದೋ ಹೊಲದ ಕಲ್ಲುಗೋಡೆ. ಗಟ್ಟಿಯೆಂದು ನಂಬಿ ಕಾಲಿಟ್ಟ ಕಡೆ ಮೊಣಕಾಲವರೆಗೆ ಹೂತುಹೋದೆ. ಬೂಟು ಕೆಸರಿನ ಪಾಲಾಯಿತು. ಒಂದೇ ಬೂಟಿನಲ್ಲಿ ಕುಂಟುತ್ತ ಜಲಪಾತದ ಬುಡಕ್ಕೆ ಬಂದರೆ ಅಲ್ಲಿ ಬಂಡೆಯ ಮೇಲೆ ಜೋಗಿಗೌಡರು ಕೂತಿದ್ದರು. ಆರು ವರ್ಷದಿಂದ ಕಾಣದ ಜಾಗ, ನೋಡಿ ಹೋಗೋಣವೆಂದು ಅವರೂ ಬಂದಿದ್ದರಂತೆ.

ಮೇಲಿನಿಂದ ಬೀಳುವ ನೀರು ಬೆರಳ ಗಾತ್ರಕ್ಕೆ ಇಳಿದಿತ್ತು. ಅದರ ಹಿಂದೆ, ಇಬ್ಬರು ಆರಾಮವಾಗಿ ಕೂರುವಷ್ಟು ಅಗಲದ ಬಂಡೆಯ ಮೆಟ್ಟಿಲು. ನಾನು ಜೋಗಿಗೌಡರಿಗೆ ಪಟ್ಟಿ ಕೊಟ್ಟೆ. ಅವರು ಪಕ್ಕದ ಬಂಡೆಗಳನ್ನು ಹಿಡಿದು ಮೆಟ್ಟಿಲಿಗೆ ಹತ್ತಿ ಒಂದು ತುದಿ ಹಿಡಿದರು. ಅಲ್ಲಿಂದ ತಳಕ್ಕೆ ಇನ್ನೂ ಹನ್ನೆರಡು ಅಡಿ.

ಪಟ್ಟಿಯನ್ನು ಇನ್ನೊಮ್ಮೆ ಬಿಗಿಯಾಗಿ ಎಳೆದು ನೋಡಿದೆ; ಹನ್ನೆರಡೇ. "ಗೌಡರೇ, ನಿಮ್ಮ ಮಾತೇ ಸರಿ. ನಿಮ್ಮ ಕೆಲಸ ಹೋದದ್ದು ನನ್ನಿಂದ" ಎಂದೆ.

"ಗೊತ್ತು ಅಯ್ಯಾ" ಎಂದರು. "ಅಂದೇ ಗೊತ್ತು."

ಅಷ್ಟೇ. ಪರವಾಗಿಲ್ಲ ಎಂದೂ ಹೇಳಲಿಲ್ಲ. ಹೇಳಿದ್ದರೆ ನಾನು ಹಗುರಾಗಿ ಮನೆಗೆ ಹೋಗಿ ಮರೆತುಬಿಡುತ್ತಿದ್ದೆನೇನೋ. ನಾನೂ ಅದೇ ಬಂಡೆಗಳನ್ನು ಹಿಡಿದು ಹತ್ತತೊಡಗಿದಾಗ ಕೈ ನೀಡಿ ಮೇಲಕ್ಕೆಳೆದುಕೊಂಡರು. ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಹಿಂದೆ ಅಪ್ಪನೊಡನೆ ಎಮ್ಮೆ ಮೇಯಿಸಲು ಬಂದಾಗ ಮಳೆ ಬಂದರೆ ಇಲ್ಲಿ ಸೇರಿಕೊಳ್ಳುತ್ತಿದ್ದುದನ್ನು ಹೇಳಿದರು. ಅಪ್ಪ ಹೋದ ಮೇಲೂ ಇಲ್ಲಿ ಬಂದು ಕೂರುತ್ತಿದ್ದರಂತೆ. ನಾನು ಅಳೆದು ಮುಗಿಸಿದೆನೆಂದುಕೊಂಡ ಜಾಗದಲ್ಲಿ ಒಬ್ಬ ಮನುಷ್ಯನ ಬಾಳಿನ ಅರ್ಧ ಇತ್ತು.

ಮರುದಿನ ಕಚೇರಿಗೆ ತಿದ್ದುಪಡಿ ಬರೆದುಕೊಟ್ಟೆ; ತಪ್ಪು ನನ್ನದು, ತಿಳಿಸಿದವರು ಜೋಗಿಗೌಡರು ಎಂದು ಸೇರಿಸಿದೆ. ನೀರಿನಡಿಯ ಜಲಪಾತ ಎಷ್ಟಿದ್ದರೇನು ಎಂದು ಮೇಲಧಿಕಾರಿ ನಕ್ಕರು, ಆದರೆ ಸಹಿ ಹಾಕಿದರು. ಇನ್ನೊಂದು ಹೊಳೆಯ ಸರ್ವೆ ಬಂದಾಗ ಜೋಗಿಗೌಡರನ್ನೇ ಕರೆಸಬೇಕೆಂದು ಹಟ ಹಿಡಿದೆ. ಎರಡು ಬಾರಿ ಹೇಳಿಕಳುಹಿಸಿದರೂ ಬರಲಿಲ್ಲ. ಮೂರನೆಯ ಸಲ ನಾನೇ ಹಟ್ಟಿಗೆ ಹೋದೆ; ಬಂದರು.

ಹೊಸ ಹೊಳೆಯ ದಡದಲ್ಲಿ ನಿಂತು, ಮಡುವಿನ ಆಳ ಎಷ್ಟಿರಬಹುದು ಎಂದು ಬಹಳ ವಿನಯದಿಂದ ಅವರನ್ನು ಕೇಳಿದೆ. ಇಡೀ ತಂಡ ಅವರ ಬಾಯನ್ನೇ ನೋಡುತ್ತಿತ್ತು. ಅವರು ನೀರನ್ನು ಬಹಳ ಹೊತ್ತು ನೋಡಿದರು.

"ಇದು ಎನಗ ಗೊತ್ತಿಲ್ಲೆ ಅಯ್ಯಾ."

ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಯಾವ ಫೀಲ್ಡ್ ಬುಕ್ಕಿನಲ್ಲೂ ನಾನು ಬರೆಯದ ಮಾತು ಅದು. ಎಷ್ಟು ಸಲೀಸಾಗಿ ಹೇಳಿಬಿಟ್ಟರು! ನಾನು ಪಂಚೆ ಎತ್ತಿ ಕಟ್ಟಿದೆ, ಅವರೂ ಕಟ್ಟಿದರು. ಅಳತೆಯ ಹಗ್ಗ ಹಿಡಿದು ಇಬ್ಬರೂ ನೀರಿಗಿಳಿದೆವು.