ಸಣ್ಣ ಲಿವರ್

ನನ್ನ ಸೋದರಮಾವನ ಹಳೆಯ ಜೀಪಿನಲ್ಲಿ ಎರಡು ಲಿವರ್‌ಗಳಿದ್ದವು. ದೊಡ್ಡದು ಗೇರಿನದು. ಅದರ ಪಕ್ಕದ ಸಣ್ಣದನ್ನು ಮುಂದಕ್ಕೆ ತಳ್ಳಿದರೆ ಎಂಜಿನ್ನಿನ ಶಕ್ತಿ ನಾಲ್ಕೂ ಗಾಲಿಗಳಿಗೆ ಹೋಗುತ್ತದೆ. ಹಿಂದಕ್ಕೆ ಎಳೆದರೆ ಹಿಂದಿನ ಎರಡಕ್ಕೆ ಮಾತ್ರ. ಏರಿನಲ್ಲಿ ಮುಂದಕ್ಕೆ, ನಿಲ್ಲಿಸಿದಾಗ ಹಿಂದಕ್ಕೆ. ಹಾಗೇ ಬಿಟ್ಟರೆ ಅದು ಬಿಗಿದು ಕೂತುಬಿಡುತ್ತದೆ ಎಂದು ಗಜೇಂದ್ರಗಡದ ಗುಡ್ಡ ಹತ್ತುವ ಜೀಪಿನವರೆಲ್ಲ ನಂಬಿದ್ದರು. ನಿಲ್ಲಿಸಿದ ಕೂಡಲೇ ಅದನ್ನು ಹಿಂದಕ್ಕೆ ಎಳೆದು ಬಿಡಿಸುವುದು ಮಾವನಿಗೆ ಮನೆಯೊಳಗೆ ಬರುವಾಗ ಚಪ್ಪಲಿ ಬಿಡುವಷ್ಟು ರೂಢಿಯಾಗಿತ್ತು.

ಗುಡ್ಡದ ಮೇಲೆ ಗಾಳಿಯಂತ್ರಗಳಿವೆ. ಜನ ಅವನ್ನು ಫ್ಯಾನು ಎನ್ನುತ್ತಾರೆ. ಅಲ್ಲಿ ಕಾವಲಿರುವವರಿಗೆ ಮಾವ ದಿನಾ ಕುಡಿಯುವ ನೀರು ಒಯ್ಯುತ್ತಿದ್ದ. ಬಿಡುವಿದ್ದಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಜೀಪಿನ ಹಿಂಬದಿಯಲ್ಲಿ ಗುಂಯ್ ಎಂಬ ಸದ್ದು ಶುರುವಾಗಿತ್ತು. ಮಾವ ದಪ್ಪ ಎಣ್ಣೆ ಸುರಿದು, "ಈಗ ಜೋಗುಳ ಹಾಡಿದಂಗ ಹಾಡತೈತಿ ನೋಡು" ಎಂದು ನಕ್ಕಿದ್ದ. ಒಂದು ದಿನ ನೀರಿನ ಡ್ರಮ್ಮುಗಳೊಂದಿಗೆ ಏರುತ್ತಿದ್ದಾಗ ಕೆಳಗೆ ಟಣ್ ಎಂದಿತು. ಎಂಜಿನ್ ಓಡುತ್ತಿತ್ತು, ಮುಂದಿನ ಗಾಲಿಗಳು ಭಾರಕ್ಕೆ ಇದ್ದಲ್ಲೇ ಜಾರುತ್ತಿದ್ದವು, ಜೀಪು ನಿಂತಿತ್ತು.

ರೋಣದಿಂದ ಜೀಪು ರಿಪೇರಿಯ ಮಿಸ್ತ್ರಿ ಮೋಟಾರ್ ಸೈಕಲ್ ಮೇಲೆ ಬಂದ. ಅವನೂ ಮಾವನೂ ಒಂದೇ ಶಾಲೆಯಲ್ಲಿ ಕಲಿತವರು, ಬೈಗುಳವಿಲ್ಲದೆ ಮಾತಾಡದವರು. ಹಿಂದಿನ ಎರಡು ಗಾಲಿಗಳ ನಡುವಿನ ಗುಂಡನೆಯ ಕಬ್ಬಿಣದ ಮುಚ್ಚಳ ಬಿಚ್ಚಿದ. ಕಪ್ಪು ಎಣ್ಣೆಯ ಜೊತೆ, ಗಾಲಿಗಳನ್ನು ತಿರುಗಿಸುವ ಎರಡು ಹಲ್ಲುಚಕ್ರಗಳ ಮುರಿದ ಹಲ್ಲುಗಳು ಅಂಗೈಗೆ ಬಿದ್ದವು.

"ಕ್ರೌನ್ ಹ್ವಾತು, ಪಿನಿಯನ್ ಹ್ವಾತು. ಲೇ, ಎಣ್ಣಿ ಹಾಕಿದ್ರ ಹಲ್ಲ ಹುಟ್ಟತಾವೇನಲೇ?"

"ನಿನ್ನ ಬಾಯಾಗ ಅರ್ಧ ಹಲ್ಲಿಲ್ಲ. ನಿನಗರ ಹುಟ್ಯಾವೇನು?" ಎಂದ ಮಾವ.

ರಿಪೇರಿ ಗುಡ್ಡದ ಮೇಲೆ ಆಗುವಂಥದ್ದಲ್ಲ. ಮಿಸ್ತ್ರಿ ಡ್ರಮ್ಮುಗಳ ನೀರು ಚೆಲ್ಲಿಸಿದ. ಹಿಂದಿನ ಗಾಲಿಗಳಿಗೆ ಹೋಗುವ ಉದ್ದನೆಯ ಶಾಫ್ಟನ್ನು ಬಿಚ್ಚಿ ಜೀಪಿನೊಳಗೆ ಹಾಕಿದ. ಸಣ್ಣ ಲಿವರನ್ನು ತಾನೇ ಮುಂದಕ್ಕೆ ತಳ್ಳಿದ. ಇನ್ನು ಮುಂದಿನ ಎರಡು ಗಾಲಿಗಳ ಮೇಲೆಯೇ ಇಳಿಯಬೇಕು.

"ಇದನ್ನ ಮುಟ್ಟಬ್ಯಾಡ," ಎಂದ.

"ಆತಪಾ," ಎಂದ ಮಾವ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಆ ಜೀಪಿನ ಹ್ಯಾಂಡ್ ಬ್ರೇಕು ಗಾಲಿಗಳನ್ನು ಹಿಡಿಯುವುದಿಲ್ಲ. ಗೇರಿನ ಪೆಟ್ಟಿಗೆಯ ಹಿಂಬದಿಯನ್ನು ಹಿಡಿಯುತ್ತದೆ. ಶಾಫ್ಟು ಬಿಚ್ಚಿದ ಮೇಲೆ ಆ ಹಿಡಿತ ಹಿಂದಿನ ಗಾಲಿಗೆ ತಲುಪುವುದಿಲ್ಲ. ಮುಂದಿನ ಗಾಲಿಗೆ ತಲುಪಬೇಕಾದರೆ ಸಣ್ಣ ಲಿವರು ಮುಂದೆಯೇ ಇರಬೇಕು. ಗೇರಿನ ಹಿಡಿತವೂ ಅಷ್ಟೆ.

ಅರ್ಧ ಇಳಿಜಾರು ಇಳಿದಿದ್ದೆವು. ಸೈಲೆನ್ಸರ್ ಕಟ್ಟಿದ್ದ ತಂತಿ ಹರಿದು ಕೊಳವೆ ನೆಲಕ್ಕೆ ಉಜ್ಜತೊಡಗಿತು. ಮಾವ ಜೀಪು ನಿಲ್ಲಿಸಿದ. ಎಂಜಿನ್ ಬಂದ್ ಮಾಡಿ ಗೇರು ಹಾಕಿದ. ಹ್ಯಾಂಡ್ ಬ್ರೇಕು ಎಳೆದ. ಆಮೇಲೆ ಅವನ ಎಡಗೈ ಸಣ್ಣ ಲಿವರನ್ನು ಹಿಂದಕ್ಕೆ ಎಳೆಯಿತು. ಅವನ ಕಣ್ಣು ಆಗ ಕನ್ನಡಿಯಲ್ಲಿ, ಹಿಂದೆ ಬರುತ್ತಿದ್ದ ಮಿಸ್ತ್ರಿಯ ಮೋಟಾರ್ ಸೈಕಲ್ ನೋಡುತ್ತಿತ್ತು. ಪಕ್ಕದಲ್ಲಿ ಕೂತಿದ್ದ ನಾನು ಆ ಕೈಯನ್ನು ಕಂಡೆ. ನೂರಾರು ಸಲ ಕಂಡದ್ದನ್ನು ಕಂಡ ಹಾಗೆ ಕಂಡೆ. ಮುಂದಿನ ಗಾಲಿ ಮಳೆನೀರು ಕೊರೆದ ಕೊರಕಲಿನಲ್ಲಿತ್ತು. ಬ್ರೇಕಿನಿಂದ ಕಾಲು ತೆಗೆದರೂ ಜೀಪು ಅಲುಗಲಿಲ್ಲ. ಇಬ್ಬರೂ ಇಳಿದೆವು.

ಮಿಸ್ತ್ರಿ ಬಂದು ಬಗ್ಗಿ ನೋಡಿದ. ಗಾಲಿಗೆ ಅಡ್ಡ ಕೊಡಲು ಒಂದು ಕಲ್ಲು ಎತ್ತಿಕೊಂಡ.

"ಗೇರ್‌ನ್ಯಾಗ ಐತಿ?"

"ಐತಿ."

"ಹ್ಯಾಂಡ್ ಬ್ರೇಕ್?"

"ಹಾಕೇನೋ ಮಾರಾಯಾ. ಲಗೂ ನೋಡು. ಮ್ಯಾಲಿನ ಮಂದಿ ನೀರಿಲ್ಲದ ಕುಂತಾರ."

ಎರಡೂ ಉತ್ತರ ಖರೇ ಇದ್ದವು. ಮೂರನೆಯ ಪ್ರಶ್ನೆಯನ್ನು ಮಿಸ್ತ್ರಿ ಕೇಳಲಿಲ್ಲ, ಸಣ್ಣ ಲಿವರನ್ನು ಮುಂದಕ್ಕೆ ತಳ್ಳಿದ್ದು ಅವನೇ. ಕಲ್ಲನ್ನು ಅಲ್ಲೇ ಬಿಟ್ಟು, ಬದಿಯಿಂದ ಮಲಗಿ, ಬಲಗೈಯನ್ನು ಹಿಂದಿನ ಗಾಲಿಯ ಮುಂದೆ ಚಾಚಿ ಕೊಳವೆಯನ್ನು ಜಗ್ಗಿದ. ಜೀಪು ಕೊರಕಲಿನಿಂದ ಹೊರಬಂತು. ಸದ್ದಿರಲಿಲ್ಲ. ಎಂಜಿನ್ ಬಂದ್ ಆಗಿದ್ದ ಜೀಪು ಹೊರಡುವಾಗ ಸದ್ದೇ ಆಗುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಗಾಲಿ ಅವನ ತೋಳಿನ ಮೇಲೆ ಹತ್ತಿ ಇಳಿಯಿತು. ಸ್ವಲ್ಪ ಕೆಳಗೆ ದಾರಿಯ ಪಕ್ಕದ ಮಣ್ಣಿನ ದಂಡೆಗೆ ತಾಗಿ ಜೀಪು ನಿಂತಿತು. ಮಿಸ್ತ್ರಿ ಕೂಗಲಿಲ್ಲ. "ನನ್ನ ಕೈ ಎಲ್ಲೈತಿ?" ಎಂದು ಕೇಳಿದ. ಕೈ ಅವನ ಪಕ್ಕದಲ್ಲೇ ಇತ್ತು.

ಕೈ ಉಳಿಯಲಿಲ್ಲ. ಮೊಣಕೈಯ ಮೇಲೆ ಕತ್ತರಿಸಿ ತೆಗೆದರು.

ದವಾಖಾನೆಗೆ ನೋಡಲು ಬಂದವರಿಗೆಲ್ಲ ಮಾವ ಒಂದೇ ಮಾತು ಹೇಳುತ್ತಿದ್ದ. "ಗೇರ್ ಹಾಕಿದ್ದೆ, ಬ್ರೇಕ್ ಹಾಕಿದ್ದೆ. ಕಲ್ಲು ಕೈಯಾಗ ಹಿಡಕೊಂಡಾಂವ ಕೊಡಲಿಲ್ಲ." ಅದು ಸುಳ್ಳಲ್ಲ. ಆದರೆ ಆ ಮಾತು ರೋಣದ ಬಸ್‌ಸ್ಟ್ಯಾಂಡಿಗೂ ಅಬ್ಬಿಗೇರಿಯ ಚಹಾದಂಗಡಿಗೂ ಹೋಯಿತು. ಕಲ್ಲು ಕೊಡದೆ ಗಾಡಿಯ ಕೆಳಗೆ ಹೋಗುವವನು ಎಂತಹ ಮಿಸ್ತ್ರಿ ಎಂದು ಜನ ಆಡಿಕೊಂಡರು. ಕೈ ಹೋದ ಮೇಲೂ ಅವನಿಗೆ ಗಾಡಿಯ ಸದ್ದು ಗುರುತಿಸುವ ಕಿವಿ ಇತ್ತು, ಕಲಿತದ್ದಿತ್ತು; ಹೇಳಿ ಮಾಡಿಸಬಹುದಿತ್ತು. ಹೆಸರೂ ಹೋದರೆ ಶೆಡ್ಡಿನ ಬಾಗಿಲು ತೆಗೆಯುವುದರಲ್ಲಿ ಅರ್ಥವಿರಲಿಲ್ಲ.

ಅವನ ಹೆಂಡತಿ ದವಾಖಾನೆಯ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿದಳು. "ಅಣ್ಣಾರ, ನೀವು ಅಲ್ಲೇ ಇದ್ರಿ. ಖರೇ ಹೇಳ್ರಿ. ನಮ್ಮವರದ ತಪ್ಪೇನ್ರಿ?"

ಕಂಡದ್ದನ್ನು ಹೇಳಿದೆ, ಕಂಡ ಕ್ರಮದಲ್ಲಿ: ಗೇರು, ಬ್ರೇಕು, ಎಡಗೈ, ಸಣ್ಣ ಲಿವರು. ಅವಳು ಅಳಲಿಲ್ಲ. "ಇದನ್ನ ನಿಮ್ಮ ಮಾವಾರ ಬಾಯಿಂದ ಹೇಳಸ್ರಿ. ನೀವು ಹೇಳಿದ್ರ ಯಾರು ಕೇಳ್ತಾರ?" ಎಂದಳು.

ಅಂದೇ ಮನೆಯಲ್ಲಿ ಮಾವನಿಗೂ ಹೇಳಿದೆ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಮಾವ ತನ್ನ ಎಡಗೈಯನ್ನು ಮಗುಚಿ ಮಗುಚಿ ನೋಡಿಕೊಂಡ.

"ನನಗ ನೆನಪಿಲ್ಲ ಅಳಿಯಾ."

"ಬಿಡಿಸಿದಿ ಮಾವಾ. ನಾ ನೋಡೀನಿ."

"ಬಿಡಿಸಿರಬೇಕು ಹಂಗಾರ," ಎಂದು ಊಟ ಮಾಡದೆ ಎದ್ದ. ಊರಿನಲ್ಲಿ ಮಾತ್ರ ಬಾಯಿ ಬಿಡಲಿಲ್ಲ.

ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ರೋಣದ ಶೆಡ್ಡಿಗೆ ಎಳೆತಂದು ನಿಲ್ಲಿಸಲಾಗಿತ್ತು. ಮಿಸ್ತ್ರಿ ಮನೆಗೆ ಬಂದ ಮೇಲೆ ಮಾವನಿಗೆ ಹೇಳಿ ಕಳಿಸಿದ: ನರಗುಂದದ ಗುಜರಿಯಲ್ಲಿ ಕ್ರೌನ್ ಪಿನಿಯನ್ ಜೋಡಿ ಹುಡುಕು, ಬೇರೆ ಬೇರೆ ಗಾಡಿಯವು ಬೇಡ, ಒಂದಕ್ಕೊಂದು ಸವೆದು ಹೊಂದಿದವೇ ಬೇಕು. ಮಾವ ತಂದ. ಮಿಸ್ತ್ರಿ ಅಂಗಿಯ ಖಾಲಿ ತೋಳನ್ನು ಒಳಗೆ ಸೇರಿಸಿಕೊಂಡು ಸ್ಟೂಲಿನ ಮೇಲೆ ಕೂತ. ಮಾವ ನೆಲದ ಮೇಲೆ ಕೂತ. ಹೇಳುವವನು ಅವನು, ಮಾಡುವವನು ಇವನು. ಬೈಗುಳ ಇರಲಿಲ್ಲ. ಅದು ನನಗೆ ಎಲ್ಲಕ್ಕಿಂತ ಕೆಟ್ಟದಾಗಿ ಕೇಳಿಸಿತು.

ಹಲ್ಲುಗಳು ಸರಿಯಾಗಿ ಕೂಡುತ್ತವೆಯೇ ಎಂದು ನೋಡಲು ಮಿಸ್ತ್ರಿ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿಸುತ್ತಿದ್ದ. ತಿರುಗಿಸಿದಾಗ ಹಲ್ಲು ಹಲ್ಲಿಗೆ ತಾಗಿದಲ್ಲಿ ಕುಂಕುಮ ಅಳಿಸುತ್ತದೆ. ಅಳಿಸಿದ ಗುರುತು ಹಲ್ಲಿನ ನಡುವೆ ಬರಬೇಕು. ಅಂಚಿಗೆ ಬಂದರೆ ಮತ್ತೆ ಮುರಿಯುತ್ತದೆ. ಮಾವನ ಕೈಗಳು ಮಣಿಕಟ್ಟಿನವರೆಗೂ ಕೆಂಪಾಗಿದ್ದವು.

ಆಗ ಇಟಗಿ ಕಡೆಯ ಜೀಪಿನವನೊಬ್ಬ ಬಾಗಿಲಲ್ಲಿ ನಿಂತ. "ಏನ್ ಮಿಸ್ತ್ರಿ, ಇನ್ನರ ಗಾಲಿಗೆ ಕಲ್ಲು ಕೊಡ್ತೀಯಿಲ್ಲೋ?" ಎಂದು ಹಲ್ಲು ಕಿರಿದ.

ಒಳಬಾಗಿಲಲ್ಲಿ ಮಿಸ್ತ್ರಿಯ ಹೆಂಡತಿ ಚಹಾದ ಕಪ್ಪು ಹಿಡಿದು ನನ್ನತ್ತ ನೋಡಿದಳು. ನಾನು ಮಾವನತ್ತ ನೋಡಿದೆ.

"ಸಣ್ಣ ಲಿವರ್ ನಾ ಬಿಡಿಸಿದ್ದೆ," ಎಂದ ಮಾವ, ಕ್ರೌನಿಗೆ ಮುಖ ಮಾಡಿಕೊಂಡೇ.

"ಏನಂದಿ?" ಎಂದ ಬಾಗಿಲಲ್ಲಿದ್ದವನು.

"ಜೋರಾಗಿ ಹೇಳು. ಅವನ ಕಿವಿ ಮಂದ," ಎಂದ ಮಿಸ್ತ್ರಿ.

ಮಾವ ತಲೆ ಎತ್ತಿದ. "ಇಂವ ಮುಟ್ಟಬ್ಯಾಡ ಅಂದಿದ್ದ. ನಾ ಬಿಡಿಸಿದೆ. ಕಲ್ಲು ಹಿಡದಾಂವಂಗ ಲಗೂ ಮಾಡು ಅಂದಾಂವನೂ ನಾನ. ಹೋಗಿ ಎಲ್ಲಾರಿಗೂ ಹೇಳು."

ಬಂದವನ ನಗೆ ನಿಂತಿತು. ಬಂದ ಕೆಲಸ ಹೇಳದೆ ಹೋದ.

ಆಮೇಲೆ ಮಿಸ್ತ್ರಿ, "ತಿರುಗಿಸು," ಎಂದ. ಮಾವ ತಿರುಗಿಸಿದ. ಮಿಸ್ತ್ರಿ ಇಲ್ಲದ ಕೈಯನ್ನು ಚಾಚುವವನಂತೆ ಭುಜ ಮುಂದೆ ಮಾಡಿ ಬಗ್ಗಿದ. ಕುಂಕುಮ ಅಂಚಿನಲ್ಲಿ ಅಳಿಸಿತ್ತು.

"ಕುಂತಿಲ್ಲ. ಬಿಚ್ಚು," ಎಂದ.

ಮಾವ ಸ್ಪ್ಯಾನರು ತೆಗೆದುಕೊಂಡು ಮತ್ತೆ ಬಿಚ್ಚತೊಡಗಿದ.