ಅರ್ಧ ಟಿನ್ ಡಯಟ್ ಸೋಡಾ

ನನ್ನ ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದು ಇರುವೆಗಳು.

ಬಚ್ಚಲಿನ ಮೂಲೆಯಲ್ಲಿ ಸಾಲುಗಟ್ಟಿದ್ದವು. ಎರಡು ದಿನ ನೀರು ಹೊಯ್ದೆ. ಮೂರನೇ ದಿನವೂ ಬಂದವು. ಸೊಸೆ ಸವಿತಾ ಬಾಗಿಲಲ್ಲಿ ನಿಂತು ಇರುವೆಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಹೋಗಿ ಗಂಡನಿಗೆ ಹೇಳಿದಳು. ಗಂಡ ಅಂದರೆ ನನ್ನ ಮಗ ಮಂಜು. ಕಂಪನಿ ಬಸ್ ಓಡಿಸುತ್ತಾನೆ. ಆ ಶನಿವಾರವೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಖಾಲಿ ಹೊಟ್ಟೆಯಲ್ಲಿ ಒಂದು ಸಲ ರಕ್ತ ತೆಗೆದರು, ತಿಂಡಿ ತಿಂದ ಮೇಲೆ ಇನ್ನೊಂದು ಸಲ.

ಶುಗರ್.

ಡಾಕ್ಟರಮ್ಮನಿಗೆ ನನ್ನ ಮಗನ ವಯಸ್ಸು. ಸಕ್ಕರೆ ಬಿಡಿ, ಬೆಲ್ಲ ಬಿಡಿ, ಹಲಸಿನಹಣ್ಣು ಬಿಡಿ, ಅನ್ನ ಕಮ್ಮಿ ಮಾಡಿ ಎಂದು ಒಂದೊಂದೇ ಕಿತ್ತುಕೊಂಡರು. ಊಟಕ್ಕೆ ಮೊದಲು ಒಂದು ಮಾತ್ರೆ. ಮಾತ್ರೆಗಿಂತ ಡಯಟ್ ಮುಖ್ಯ ಅಂದರು. ಎದ್ದು ಹೊರಡುವಾಗ ಒಂದು ಮಾತು ಹೇಳಿದರು.

"ಕೈ ನಡುಗಿ ಬೆವರು ಬಂದ್ರೆ ಶುಗರ್ ಲೋ ಆಗಿದೆ ಅಂತ ತಿಳ್ಕೊಳ್ಳಿ. ತಕ್ಷಣ ಸಕ್ಕರೆ ನೀರು ಕುಡೀರಿ. ಇಲ್ಲಾಂದ್ರೆ ಒಂದು ಲೋಟ ಕೂಲ್ ಡ್ರಿಂಕ್ಸ್ ಕುಡೀರಿ."

ಎಲ್ಲವನ್ನೂ ಬಿಡಿ ಅಂದವರು ಅದೊಂದನ್ನು ಮಾತ್ರ ಕುಡಿಯಿರಿ ಅಂದಿದ್ದರು. ಅದಕ್ಕೇ ಅದೊಂದೇ ನೆನಪಿನಲ್ಲಿ ಉಳಿಯಿತು.

ನಮ್ಮ ಮನೆ ಪಟ್ಟಂದೂರು ಅಗ್ರಹಾರದಲ್ಲಿ. ಕೆಳಗೆ ನಾವು, ಮೇಲೆ ಮೂರು ಬಾಡಿಗೆ ರೂಮು. ಬೆಳಿಗ್ಗೆ ಆರಕ್ಕೆ ಮಂಜು ಬಸ್ಸಿಗೆ ಹೋಗುತ್ತಾನೆ. ಏಳಕ್ಕೆ ಸವಿತಾ, ಅಪಾರ್ಟ್‌ಮೆಂಟಿನ ಮಕ್ಕಳನ್ನು ನೋಡಿಕೊಳ್ಳುವ ಡೇಕೇರಿಗೆ. ಮೇಲಿನವರೂ ಇಳಿದು ಹೋಗುತ್ತಾರೆ. ನಮ್ಮ ಬೀದಿಯಲ್ಲಿ ಎಂಟರವರೆಗೆ ಕಾಲಿಡಲು ಜಾಗವಿರುವುದಿಲ್ಲ, ಒಂಬತ್ತಕ್ಕೆ ಮಾತಾಡಿಸಲು ಜನವಿರುವುದಿಲ್ಲ. ಆಮೇಲೆ ಇಬ್ಬರೂ ಬರುವುದು ಸಂಜೆ ಏಳೂವರೆಗೆ. ನಡುವೆ ನಾನು, ಟಿವಿ, ಬೀದಿಯ ಕೆಂದ ನಾಯಿ.

ಇಂಥ ಹೊತ್ತಿನಲ್ಲಿ ಮನುಷ್ಯರು ಕದಿಯುವುದನ್ನು ಕಲಿಯುತ್ತಾರೆ. ನಾನು ಕಲಿತೆ. ಒಂದು ಬೆಲ್ಲದ ಅಚ್ಚನ್ನು ಕಾಗದದಲ್ಲಿ ಸುತ್ತಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಅಲ್ಲಿಗೂ ಇರುವೆ ಬಂದವು. ನನ್ನ ಹಣೆಯಲ್ಲಿ ಇರುವೆಗಳ ಜೊತೆ ಯಾವುದೋ ಹಳೇ ಜಗಳ ಬರೆದಿರಬೇಕು. ಸವಿತಾ ಅವತ್ತೇ ಸಕ್ಕರೆ ಡಬ್ಬಿ, ಬೆಲ್ಲದ ಡಬ್ಬಿ ಎರಡನ್ನೂ ಅಟ್ಟಕ್ಕೇರಿಸಿದಳು. ಸ್ಟೂಲ್ ಹಾಕಿಕೊಂಡರೂ ನನಗೆ ಎಟುಕುವುದಿಲ್ಲ. ಪ್ರಯತ್ನ ಪಟ್ಟಿದ್ದೇನೆ.

ಆಗ ವಿಜ್ಜಿ ಬಂದಳು.

ಮೇಲಿನ ಮೊದಲನೇ ರೂಮಿಗೆ ಬಾಡಿಗೆಗೆ ಬಂದ ಹುಡುಗಿ. ಗದಗಿನ ಕಡೆಯವಳು. ಹಣೆಗೆ ವಿಭೂತಿ, ಕುತ್ತಿಗೆಯಲ್ಲಿ ಆಫೀಸಿನ ಟ್ಯಾಗು, ಎರಡನ್ನೂ ಮರೆಯದೆ ಹಾಕಿಕೊಳ್ಳುತ್ತಿದ್ದಳು. ಬೆಳಗಿನ ಶಿಫ್ಟು. ನಾಲ್ಕು ಗಂಟೆಗೆ ವಾಪಸ್ ಬಂದು ನಮ್ಮ ಮೆಟ್ಟಿಲ ಮೇಲೆ ಕೂತು ಒಂದು ಬೆಳ್ಳಿ ಬಣ್ಣದ ಟಿನ್ನನ್ನು ಟಸ್ ಅಂತ ಒಡೆಯುತ್ತಿದ್ದಳು. ಏನದು ಅಂತ ಕೇಳಿದೆ.

"ಡಯಟ್ ಸೋಡಾರಿ ಅಜ್ಜಿ. ಇದ್ರಾಗ ಸಕ್ಕರಿ ಇಲ್ರಿ."

"ನಮ್ ಡಾಕ್ಟ್ರು ಡಯಟ್ ಮುಖ್ಯ ಅಂದ್ರಲ್ಲ, ಇದೇನಾ ಅದು?"

ಅವಳು ನಕ್ಕಳು. ಮೂಗಿನಿಂದ ಸೋಡಾ ಬರುವ ಹಾಗೆ ನಕ್ಕಳು. ನನಗೂ ಗೊತ್ತಿತ್ತು ಅದಲ್ಲ ಅಂತ. ಆದರೂ ನನ್ನ ಮಾತಿಗೆ ಒಬ್ಬರು ನಕ್ಕು ತುಂಬಾ ದಿನವಾಗಿತ್ತು, ಆ ತಮಾಷೆಯನ್ನು ನಾನು ಒಂದು ವಾರ ಬಿಡಲಿಲ್ಲ.

ಒಳಗಿಂದ ಎರಡು ಸ್ಟೀಲ್ ಲೋಟ ತಂದೆ. ಒಂದು ಟಿನ್ ಒಬ್ಬರಿಗೆ ಜಾಸ್ತಿಯಾಗುತ್ತದೆ ಅಂತ ಅವಳೇ ಅರ್ಧ ಸುರಿದುಕೊಟ್ಟಳು. ನೊರೆ ಇಳಿಯುವವರೆಗೆ ಕಾಯುವುದು, ಒಂದು ಗುಟುಕು, ಕಣ್ಣಲ್ಲಿ ನೀರು, ಒಂದು ತೇಗು. ನಾಲಿಗೆಗೆ ಸಿಹಿ, ಹಿಂದೆಯೇ ಔಷಧಿಯ ಹಾಗೆ ಒಂದು ಕಹಿ. ಚೆನ್ನಾಗಿತ್ತು ಅಂತ ಹೇಳಲಾರೆ. ಮರುದಿನ ನಾಲ್ಕಕ್ಕೆ ಲೋಟ ತೊಳೆದು ಇಟ್ಟುಕೊಂಡಿದ್ದೆ ಅಂತ ಮಾತ್ರ ಹೇಳಬಲ್ಲೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಮಂಜು ಅದನ್ನು ಟಾಯ್ಲೆಟ್ ತೊಳೆಯಲು ಬಳಸುತ್ತಾರೆ ಅಂದ. ಸವಿತಾ ಫೋನಿನಲ್ಲಿ ಬಂದದ್ದನ್ನು ಓದಿ ಹೇಳಿದಳು, ಎಲ್ಲಾ ಕೆಮಿಕಲ್ಲು, ಮೂಳೆ ಕರಗುತ್ತದಂತೆ. ವಿಜ್ಜಿಗೆ ದಪ್ಪ ಆಗುವ ಭಯ. ಡಯಟ್ ಕುಡಿಯುತ್ತಾ ಒಂದು ಪ್ಯಾಕೆಟ್ ಖಾರಾಬೂಂದಿ ಖಾಲಿ ಮಾಡುತ್ತಿದ್ದಳು. ಕೇಳಿದರೆ, ಬೂಂದಿಗೆ ಡಯಟ್ ಬಂದ ಮೇಲೆ ಅದನ್ನೂ ತಿಂತೀನ್ರಿ ಅಂತಿದ್ದಳು.

ನಾನು ಕುಡಿಯುತ್ತಿದ್ದದ್ದು ಯಾಕೆ ಅಂತ ಯಾರೂ ಕೇಳಲಿಲ್ಲ. ನಾಲ್ಕು ಗಂಟೆಗೆ ಎದುರಿನ ಐಟಿ ಪಾರ್ಕಿನ ಗಾಜಿಗೆ ಬಡಿದ ಬಿಸಿಲು ವಾಪಸ್ ನಮ್ಮ ಮೆಟ್ಟಿಲಿಗೆ ಬೀಳುತ್ತದೆ. ಆ ಬಿಸಿಲಿನಲ್ಲಿ ಅವಳು ಮಾತಾಡುತ್ತಾಳೆ, ಮ್ಯಾನೇಜರನ್ನು ಬಯ್ಯುತ್ತಾಳೆ, ಅಮ್ಮ ನೋಡಿದ ಗಂಡಿನ ಮೀಸೆ ಚೆನ್ನಾಗಿಲ್ಲ ಅನ್ನುತ್ತಾಳೆ. ಮಂಜುವಿನ ಹಳೇ ಟಚ್ ಫೋನಿನಲ್ಲಿ ನನಗೆ ಕನ್ನಡ ಟೈಪ್ ಮಾಡಲು ಕಲಿಸಿದ್ದೂ ಅಲ್ಲೇ. ಕ ಬಂತು, ಕಾ ಬಂತು, ಕಿ ಬಂತು. ಒತ್ತಕ್ಷರದ ಹತ್ತಿರ ಬರುವಷ್ಟರಲ್ಲಿ ಅವಳ ಆಫೀಸನ್ನು ಎಲೆಕ್ಟ್ರಾನಿಕ್ ಸಿಟಿಗೆ ಎತ್ತಿದರು.

ಒಂದೇ ಊರು. ಆದರೂ ಟ್ರಾಫಿಕ್ಕಿನಲ್ಲಿ ಹೋಗಿ ಬರುವುದರಲ್ಲಿ ಅವಳ ಗದಗೇ ಹತ್ತಿರ ಅನ್ನಿಸುತ್ತದೆ. ಅಲ್ಲೇ ಪಿಜಿ ಹಿಡಿದಳು. ಹೋಗುವ ದಿನ ನಮ್ಮ ಫ್ರಿಜ್ಜಿನಲ್ಲಿ ಆರು ಟಿನ್ ಇಟ್ಟು ಹೋದಳು.

ಅವಳ ರೂಮಿಗೆ ನಿರಂಜನ ಅನ್ನುವ ಒಡಿಶಾದ ಸೆಕ್ಯುರಿಟಿ ಗಾರ್ಡ್ ಬಂದ. ಐವತ್ತರ ಹತ್ತಿರದ ಗಂಡಸು. ರಾತ್ರಿ ಡ್ಯೂಟಿ, ಹಗಲೆಲ್ಲ ನಿದ್ದೆ. ನನಗೆ ಅವನ ಮೇಲೆ ಕೋಪ, ವಿಜ್ಜಿಯ ಬಾಗಿಲಿನಿಂದ ಅವನು ಹೊರಗೆ ಬರುತ್ತಾನಲ್ಲ ಅಂತ. ಅವನು ಕಾಯಿಸುವ ಚಹಾದಲ್ಲಿ ಚಮಚ ನೆಟ್ಟಗೆ ನಿಲ್ಲುವಷ್ಟು ಸಕ್ಕರೆ ಇರುತ್ತದೆ ಅಂತ ಎಲ್ಲರ ಮುಂದೆ ಆಡಿಕೊಂಡಿದ್ದೆ.

ನಾನು ಒಬ್ಬಳೇ ಟಿನ್ ಒಡೆದೆ. ಅರ್ಧ ಕುಡಿದೆ. ಇನ್ನರ್ಧ ಫ್ರಿಜ್ಜಿನಲ್ಲಿಟ್ಟೆ. ಮರುದಿನ ಅದರ ಗ್ಯಾಸ್ ಹೋಗಿತ್ತು. ಬರೀ ಕಹಿ ನೀರು. ಚೆಲ್ಲಲು ಮನಸ್ಸು ಬರಲಿಲ್ಲ.

ವಿಜ್ಜಿಗೆ ಮೆಸೇಜ್ ಕಳಿಸಿದೆ. ಒತ್ತು ಬಾರದ ಕಾರಣ ಅವಳ ಹೆಸರು ವಿಜಿ ಆಯಿತು. 'ವಿಜಿ ಹೇಗಿದೀಯ.' ಎರಡು ದಿನ ಬಿಟ್ಟು ಒಂದು ಹೆಬ್ಬೆರಳು ಬಂತು. ಹೆಬ್ಬೆರಳನ್ನು ನಾನು ಸಹಿ ಹಾಕಲು ಬಾರದವರದು ಅಂದುಕೊಂಡಿದ್ದೆ.

ಆ ದಿನಗಳಲ್ಲೇ ಮಧ್ಯಾಹ್ನದ ಊಟ ತಪ್ಪಿತು. ಸವಿತಾ ಬೆಳಿಗ್ಗೆಯೇ ಮುದ್ದೆ ಮಾಡಿ ಹಾಟ್‌ಬಾಕ್ಸಿನಲ್ಲಿಟ್ಟು ಹೋಗುತ್ತಿದ್ದಳು. ತಟ್ಟೆ ಹಾಕಿಕೊಂಡು ಕೂರುತ್ತಿದ್ದೆ. ಎದುರಿಗೆ ಗೋಡೆ. ಒಂದು ತುತ್ತು ನುಂಗಿ ಎದ್ದು ಉಳಿದದ್ದನ್ನು ಕೆಂದ ನಾಯಿಗೆ ಹಾಕುತ್ತಿದ್ದೆ. ಮಾತ್ರೆಯನ್ನು ಮಾತ್ರ ತಪ್ಪಿಸಲಿಲ್ಲ, ಡಾಕ್ಟರು ಹೇಳಿದ್ದರಲ್ಲ. ನಾನು ಇಳಿದೆ, ನಾಯಿ ದಪ್ಪಗಾಯಿತು. ಸವಿತಾ ಖಾಲಿ ಡಬ್ಬಿ ನೋಡಿ, ಅತ್ತೆ ಚೆನ್ನಾಗಿ ಉಂಡಿದ್ದಾರೆ ಅಂದುಕೊಂಡಳು.

ಆಮೇಲೆ ಆ ಮಂಗಳವಾರ. ಬೆಳಿಗ್ಗೆ ತಿಂಡಿಯೂ ಸರಿಯಾಗಿ ಸೇರಿರಲಿಲ್ಲ. ಮಧ್ಯಾಹ್ನ ಮಾತ್ರೆ ನುಂಗಿ ತಟ್ಟೆಯನ್ನೇ ತೆಗೆಯಲಿಲ್ಲ.

ಮೂರೂವರೆ ಹೊತ್ತಿಗೆ ಕೈ ನಡುಗಿತು. ಕುತ್ತಿಗೆಯಿಂದ ಬೆವರು ಇಳಿಯಿತು. ಟಿವಿಯಲ್ಲಿ ಮಾತಾಡುವವರ ಬಾಯಿ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಡಾಕ್ಟರಮ್ಮ ಹೇಳಿದ್ದು ಥಟ್ಟನೆ ನೆನಪಾಯಿತು. ಇದೇ ಲೋ. ಸಕ್ಕರೆ ಅಟ್ಟದ ಮೇಲೆ. ಆದರೇನು, ಕೂಲ್ ಡ್ರಿಂಕ್ಸ್ ಫ್ರಿಜ್ಜಿನಲ್ಲಿದೆ.

ನನಗೆ ಹೆಮ್ಮೆಯೇ ಆಯಿತು. ಅಷ್ಟು ಸುಸ್ತಿನಲ್ಲೂ ಸರಿಯಾದದ್ದನ್ನು ನೆನಪಿಟ್ಟುಕೊಂಡಿದ್ದೆನಲ್ಲ.

ಟಿನ್ ತೆಗೆದುಕೊಂಡು ಅಭ್ಯಾಸಬಲದಿಂದ ಮೆಟ್ಟಿಲ ಮೇಲೆ ಹೋಗಿ ಕೂತೆ. ಅರ್ಧ ಕುಡಿದೆ. ನಡುಕ ನಿಲ್ಲಲಿಲ್ಲ. ಇನ್ನರ್ಧವನ್ನೂ ಕುಡಿದೆ. ಗಾಜಿನ ಬಿಸಿಲು ಬಿತ್ತು. ಪಕ್ಕದಲ್ಲಿ ವಿಜ್ಜಿ ಕೂತಿದ್ದಾಳೆ ಅನ್ನಿಸಿತು. ಖಾರಾಬೂಂದಿ ಕೊಡು ಅಂತ ಕೈ ಚಾಚಿದೆ.

ಯಾರೂ ಇರಲಿಲ್ಲ.

ಟಿನ್ ಕೈಜಾರಿ ಮೆಟ್ಟಿಲಿಂದ ಮೆಟ್ಟಿಲಿಗೆ ಟಣ್ ಟಣ್ ಅಂತ ಉರುಳಿತು. ಮೇಲೆ ಬಾಗಿಲು ತೆಗೆದ ಸದ್ದಾಯಿತು. ನಿರಂಜನ ಕೈಯಲ್ಲಿ ಚಹಾ ಲೋಟ ಹಿಡಿದೇ ಇಳಿದು ಬಂದ. ಸದ್ದು ಮಾಡಿದ್ದಕ್ಕೆ ಬೈಯಲು ಬಂದಿರಬೇಕು. ನನ್ನ ಮುಖ ನೋಡಿದ, ಉರುಳಿದ ಟಿನ್ ನೋಡಿದ.

"ಅಮ್ಮಾ, ಶುಗರ್ ಇದೆ?"

ಹ್ಞೂಂ ಅಂದೆನೋ ಇಲ್ಲವೋ. ಅವನು ಟಿನ್ ಎತ್ತಿ ತಿರುಗಿಸಿ ಓದಿದ.

"ಇದು ಝೀರೋ ಅಮ್ಮಾ. ಇದರಲ್ಲಿ ಏನಿಲ್ಲ. ಇದು ಕುಡಿ."

ನಾನು ಆಡಿಕೊಂಡಿದ್ದ ಅದೇ ಚಹಾ. ಎರಡೂ ಕೈಯಿಂದ ಲೋಟ ಹಿಡಿದು ಮಗುವಿಗೆ ಕುಡಿಸುವ ಹಾಗೆ ಗುಟುಕು ಗುಟುಕಾಗಿ ಕುಡಿಸಿದ. ಅವನ ತಾಯಿಗೂ ಶುಗರ್ ಇತ್ತಂತೆ. ಇದನ್ನು ಆಮೇಲೆ ಹೇಳಿದ. ಪಕ್ಕದ ಮನೆಯ ಆಟೋದಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದವನೂ ಅವನೇ.

ಕ್ಯಾಶುಯಾಲಿಟಿಯಲ್ಲಿ ಬೆರಳು ಚುಚ್ಚಿದರು, ಗ್ಲೂಕೋಸ್ ಹಾಕಿದರು. ಚಹಾ ಕುಡಿದು ಬಂದರೂ ರೀಡಿಂಗ್ ಇನ್ನೂ ಕೆಳಗೇ ಇತ್ತು. ಈ ಮಾತ್ರೆಯ ಶಕ್ತಿ ಬೇಗ ಇಳಿಯುವುದಿಲ್ಲ ಅಂತ ಒಂದು ದಿನ ಅಬ್ಸರ್ವೇಶನ್ನಿನಲ್ಲಿ ಇಟ್ಟುಕೊಂಡರು. ಮಂಜು ಯೂನಿಫಾರ್ಮಿನಲ್ಲೇ ಓಡಿ ಬಂದ.

"ಅದ್ರಲ್ಲಿ ಸಕ್ಕರೆನೇ ಇಲ್ಲ ಕಣಮ್ಮಾ. ಅದಕ್ಕೇ ಅಲ್ವಾ ನೀನು ಕುಡೀತಿದ್ದಿದ್ದು?"

ಹೌದಲ್ಲ. ಸಕ್ಕರೆ ಇಲ್ಲ ಅಂತಲೇ ಅಷ್ಟು ತಿಂಗಳು ಕುಡಿದವಳು, ಸಕ್ಕರೆ ಬೇಕಾದ ದಿನವೂ ಅದನ್ನೇ ಕುಡಿದಿದ್ದೆ. ನಗು ಬಂತು. ಅವನ ಕಣ್ಣು ನೋಡಿ ನುಂಗಿಕೊಂಡೆ.

ಮರುದಿನ ಅಲ್ಲಿಂದ ಬಿಟ್ಟ ಮೇಲೆ ನಮ್ಮ ಡಾಕ್ಟರಮ್ಮನ ಹತ್ತಿರ ಹೋದೆವು. ಕೂಲ್ ಡ್ರಿಂಕ್ಸ್ ಅಂದಾಗ ಡಯಟ್ ಅಲ್ಲ ಅಂತ ನಾನು ಬಿಡಿಸಿ ಹೇಳಬೇಕಿತ್ತು ಎಂದು ಅವರೇ ಪೇಚಾಡಿಕೊಂಡರು. ಡಯಟ್ ಸೋಡಾ ವಿಷವೂ ಅಲ್ಲ, ಔಷಧಿಯೂ ಅಲ್ಲ, ಆಸೆಯಾದರೆ ಅಪರೂಪಕ್ಕೆ ಕುಡಿಯಿರಿ, ಬಾಯಾರಿದರೆ ನೀರು ಕುಡಿಯಿರಿ ಅಂದರು. ಆಮೇಲೆ ಪೆನ್ನು ಕೆಳಗಿಟ್ಟರು.

"ಅಜ್ಜಿ, ಮಾತ್ರೆ ತಗೊಂಡು ಊಟ ಯಾಕ್ ಬಿಟ್ರಿ?"

"ಹಸಿವಿರ್ಲಿಲ್ಲ."

"ಅವತ್ತು ಮಾತ್ರಾನಾ, ದಿನಾನಾ?"

ಮಂಜು ನನ್ನ ಕಡೆ ತಿರುಗಿದ. ನಾನು ಗೋಡೆಯ ಮೇಲಿದ್ದ ಕಿಡ್ನಿಯ ಪಟ ನೋಡುತ್ತಾ ಕೂತೆ. ಎದುರಿಗೆ ಒಂದು ಮುಖ ಇಲ್ಲದಿದ್ದರೆ ತುತ್ತು ಇಳಿಯುವುದಿಲ್ಲ ಅಂತ ಹೇಳಲು ಎಷ್ಟು ಹೊತ್ತು ಬೇಕು? ಹೇಳಲಿಲ್ಲ. ಬಸ್ಸು ಬಿಟ್ಟು ಮನೆಯಲ್ಲಿ ಕೂರು ಅಂತ ಅವನಿಗೆ ಹೇಳಿದ ಹಾಗಾಗುತ್ತದೆ.

ಡಾಕ್ಟರು ಮಾತ್ರೆ ಬದಲಾಯಿಸಿದರು. ಎರಡು ಗಂಟೆಗೆ ಊಟ ಆಗಲೇಬೇಕು, ಇನ್ನೊಂದು ಸಲ ಹೀಗಾದಾಗ ಯಾರೂ ಕೇಳಿಸಿಕೊಳ್ಳದಿದ್ದರೆ ಎದ್ದೇಳುವುದು ಕಷ್ಟ ಅಂತ ಮೆಲ್ಲಗೆ ಹೇಳಿದರು.

ಮನೆಗೆ ಬಂದ ಮೇಲೆ ಸಕ್ಕರೆ ಡಬ್ಬಿ ಅಟ್ಟದಿಂದ ಇಳಿಯಿತು. ಸವಿತಾ ಅದನ್ನು ನನ್ನ ಕೈಗೇ ಕೊಟ್ಟಳು. ಕದಿಯುವ ಮಜವೇ ಹೋಯಿತು.

ಉಳಿದದ್ದು ಎರಡು ಗಂಟೆಯ ಊಟ. ಮೊದಲ ದಿನ ತಟ್ಟೆ ಹಾಕಿಕೊಂಡು ಕೂತೆ. ಗೋಡೆ ಅಲ್ಲೇ ಇತ್ತು. ಕೆಂದ ನಾಯಿ ಬಾಗಿಲಲ್ಲಿ ಬಾಲ ಅಲ್ಲಾಡಿಸುತ್ತಿತ್ತು. ಮೆಟ್ಟಿಲ ಮೇಲೆ ಉರುಳಿದ ಟಿನ್ನಿನ ಸದ್ದನ್ನು ನೆನೆಸಿಕೊಂಡು ತುತ್ತು ನುಂಗಿದೆ. ಅರ್ಧ ಗಂಟೆ ಹಿಡಿಯಿತು. ಇಡೀ ಮುದ್ದೆ. ನಾಯಿ ಬೈದುಕೊಂಡು ಹೋಯಿತು.

ಯಾರಿಗಾದರೂ ಹೇಳಬೇಕು ಅನ್ನಿಸಿತು. ಮಂಜು ಬಸ್ಸಿನಲ್ಲಿ, ಸವಿತಾ ಮಕ್ಕಳ ನಡುವೆ, ನಿರಂಜನ ನಿದ್ದೆಯಲ್ಲಿ. ಫೋನ್ ತೆಗೆದು ವಿಜ್ಜಿಗೆ 'ಎರಡಕ್ಕೆ ಉಂಡೆ' ಅಂತ ಟೈಪ್ ಮಾಡಲು ಹೊರಟೆ. ಆ 'ಕ್ಕೆ' ಬರಲೇ ಇಲ್ಲ. ಸುಮ್ಮನೆ 'ಎರಡು ಉಂಡೆ' ಅಂತ ಕಳಿಸಿದೆ.

ಫೋನ್ ಕೆಳಗಿಡುವಷ್ಟರಲ್ಲಿ ರಿಂಗಾಯಿತು.

"ಅಜ್ಜಿ, ಯಾವ ಉಂಡಿ ತಿಂದ್ರಿ? ರವಾ ಉಂಡಿನೋ, ಶೇಂಗಾ ಉಂಡಿನೋ? ಎರಡೆರಡು ತಿಂದೀರಲ್ರಿ, ಶುಗರ್ ಐತಿ ನಿಮ್ಗ."

ಮೀಟಿಂಗಿನಿಂದ ಎದ್ದು ಬಂದಿದ್ದಳಂತೆ. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೂ ಸ್ವಲ್ಪ ಹೊತ್ತು ಹೇಳಲಿಲ್ಲ, ಬೈಯಲಿ ಅಂತ. ಆಮೇಲೆ ಎಲ್ಲವನ್ನೂ ಹೇಳಿದೆ. ಟಿನ್ನು, ಚಹಾ, ಆಸ್ಪತ್ರೆ, ನಾಯಿ. ಆ ಆರು ಟಿನ್ ನಾನು ಇಟ್ಟು ಬರಬಾರದಿತ್ರಿ ಅಂದಳು. ನೀನು ಇಟ್ಟದ್ದು ತಪ್ಪಲ್ಲ ಕಣೇ, ಹೋಗಿದ್ದು ತಪ್ಪು ಅಂತ ಬಾಯಿಗೆ ಬಂತು. ಊಟ ಮಾಡಿದೆಯಾ ಅಂತ ಕೇಳಿದೆ.

ಅವತ್ತೇ ಫೋನಿನಲ್ಲಿ ಒತ್ತಕ್ಷರ ಹೇಳಿಕೊಟ್ಟಳು. ಕ ಒತ್ತಿ, ಪಕ್ಕದ ಬಾಲದಂಥ ಗುರುತು ಒತ್ತಿ, ಮತ್ತೆ ಕ ಒತ್ತಬೇಕು. ಎರಡು ತಿಂಗಳಾಯಿತು, ಈಗ ಎಲ್ಲ ಒತ್ತೂ ಬರುತ್ತದೆ. ಇಷ್ಟುದ್ದ ಬರೆದಿದ್ದೇನಲ್ಲ.

ಮಧ್ಯಾಹ್ನ ಈಗಲೂ ಒಬ್ಬಳೇ. ಗೋಡೆ ಮಾತು ಕಲಿತಿಲ್ಲ. ಕೆಲವು ದಿನ ಮುದ್ದೆ ಇಳಿಯುತ್ತದೆ, ಕೆಲವು ದಿನ ನೂಕಬೇಕು. ಕೊನೆಯ ಒಂದು ಟಿನ್ ಫ್ರಿಜ್ಜಿನಲ್ಲೇ ಇದೆ, ವಿಜ್ಜಿ ಬಂದ ದಿನ ಒಡೆಯೋಣ ಅಂತ. ಬರುತ್ತೇನೆ ಅಂದಿದ್ದಾಳೆ, ಯಾವ ಭಾನುವಾರ ಅಂತ ಹೇಳಿಲ್ಲ.

ಉಂಡು ಕೈ ತೊಳೆದು ದಿನಾ ಅವಳಿಗೆ ಬರೆಯುತ್ತೇನೆ. 'ಕ್ಕೆ' ಚೆನ್ನಾಗಿಯೇ ಬರುತ್ತದೆ. ಆದರೂ 'ಎರಡು ಉಂಡೆ' ಅಂತಲೇ ಕಳಿಸುತ್ತೇನೆ.