ನೂರಾ ನಲವತ್ತನೆಯ ಪದರ

ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಹನ್ನೊಂದು ವರ್ಷ ಚೆಕ್ಕರ್ ಆಗಿದ್ದವಳು ಮೈಲಾರಮ್ಮ. ಪ್ಯಾಂಟಿನ ಹೊಲಿಗೆಯಲ್ಲಿ ಒಂದು ದಾರ ತಪ್ಪಿದ್ದರೂ ಅವಳ ಬೆರಳಿಗೆ ತಾಕುತ್ತಿತ್ತು. ತಾಕಿದಲ್ಲಿ ನೀಲಿ ಚಾಕ್‌ಪೀಸಿನಿಂದ ಒಂದು ಇಂಟು ಗುರುತು. ಅದು ಬಿತ್ತೆಂದರೆ ಪ್ಯಾಂಟು ಮುಂದಕ್ಕೆ ಹೋಗುವಂತಿಲ್ಲ, ಮ್ಯಾನೇಜರ್ ಅಲ್ಲ, ಅವನಪ್ಪ ಬಂದರೂ.

ಅವಳನ್ನು ಆಂಧ್ರದ ಗಡಿಯೊಳಗಿನ ಹುಟ್ಟೂರು ರಾಯದುರ್ಗಕ್ಕೆ ವಾಪಸ್ ಕರೆಸಿದವನು ಬೆಳುಗುಪ್ಪದ ಸಂಜೀವಪ್ಪ. ಐಟಿಐ ಮುಗಿಸಿ ಬೆಂಗಳೂರಲ್ಲಿ ಕೆಲಸಕ್ಕೆ ಅಲೆಯುವಾಗ ಅಕ್ಕ ಅಕ್ಕ ಎನ್ನುತ್ತ ಆರು ತಿಂಗಳು ಅವಳ ಬಾಡಿಗೆ ಕೋಣೆಯಲ್ಲೇ ಉಂಡವನು. ಈಗ ಬಳ್ಳಾರಿ ರಸ್ತೆಯ ಶೆಡ್ಡೊಂದರ ಸೂಪರ್‌ವೈಸರ್. ಅಲ್ಲಿ ರೋಬೋಟಿನ ತೋಳು ಉಕ್ಕಿನ ತಂತಿ ಕರಗಿಸುತ್ತ, ಪದರದ ಮೇಲೆ ಪದರ ಏರಿಸಿ, ಗಣಿ ಯಂತ್ರಗಳಿಗೆ ಎದೆಮಟ್ಟದ ಬಳೆ ಕಟ್ಟುತ್ತದೆ.

“ಇದೂ ಹೊಲಿಗೀನ ಅಕ್ಕ, ದಾರದ ಬದಲಿ ಕಬ್ಬಿಣ, ಅಷ್ಟ. ನಿನ್ನಂಥ ಕಣ್ಣು ನಮ್ಮ ಇಂಜಿನಿಯರಿಗೂ ಇಲ್ಲ. ಬಾ.”

ಬಂದಳು. ಒಂದೊಂದು ಪದರಕ್ಕೂ ತೋಳು ನಿಂತು ಉಕ್ಕು ಆರುವಾಗ ಅದರ ಸುತ್ತಲ ಬೇಲಿ ದಾಟಿ ಒಳಹೋಗಿ ನೋಡುವುದು ಅವಳ ಕೆಲಸ. ತೂತು ಕಂಡರೆ ಅದೇ ನೀಲಿ ಗುರುತು. ಅಲ್ಲಿ ಉಜ್ಜಿ ತೆಗೆದು ಮತ್ತೆ ತುಂಬಬೇಕು.

ಒಂದು ಶನಿವಾರ, ನೂರಾ ನಲವತ್ತನೆಯ ಪದರದಲ್ಲಿ ಎಳ್ಳು ಚೆಲ್ಲಿದಂತೆ ಸಣ್ಣ ತೂತುಗಳ ಸಾಲು. ಗುರುತು ಹಾಕಿದಳು.

“ತಮ್ಮಾ, ನಿಲ್ಸು. ಹೊಲಿಗಿ ಬಿಟ್ಟೈತಿ.”

“ಸೋಮವಾರ ಲಾರಿ ಬರ್ತೈತಿ ಅಕ್ಕ. ಈಗ ಉಜ್ಜಾಕ ಕುಂತ್ರ ಮುಗೀತು. ಮ್ಯಾಲಿನ ಪದರ ಬಿದ್ರ ಮುಚ್ಚಿ ಹೋಗ್ತೈತಿ.”

“ಮುಚ್ಚಿದ್ರ ಕಾಣಂಗಿಲ್ಲ, ಅಷ್ಟ.”

“ನಾನದೀನಿ ಬಿಡಕ್ಕ.” ತಂತಿ ಬ್ರಷ್ಷಿನಿಂದ ಅವನೇ ಗುರುತು ಉಜ್ಜಿಹಾಕಿದ. ತೋಳು ಮತ್ತೆ ಓಡಿತು. ತಮ್ಮನ ಮಾತಲ್ಲವೇ ಎಂದು ಅವಳು ಸುಮ್ಮನಾದಳು. ಹನ್ನೊಂದು ವರ್ಷದಲ್ಲಿ ಮಾಡದ ತಪ್ಪು ಅದು.

ಎರಡು ವಾರಕ್ಕೆ ಗಿರಾಕಿಯ ಪರೀಕ್ಷೆಯಲ್ಲಿ ಬಳೆ ಸೀಳಿತು. ಸೀಳಿದ್ದು ಆ ತೂತುಗಳ ಸಾಲಿನಲ್ಲೇ. ಮಾಲೀಕನ ಕೋಣೆಯಲ್ಲಿ ತೆಲುಗಿನಲ್ಲಿ ಟೈಪು ಮಾಡಿದ ಕಾಗದ ಸಿದ್ಧವಿತ್ತು: ನೂರಾ ನಲವತ್ತನೆಯ ಪದರದ ದೋಷ ನನ್ನ ಕಣ್ಣಿಗೆ ಬೀಳಲಿಲ್ಲ.

“ಮೈಲಾರಮ್ಮನೋರೆ, ಇಲ್ಲಿ ಸಹಿ ಹಾಕ್ರಿ,” ಅಂದ ಸಂಜೀವಪ್ಪ. ಅವನ ಬಾಯಿಂದ ‘ಅಕ್ಕ’ ಎಲ್ಲಿ ಹೋದಳೋ.

“ನಾ ಗುರುತು ಹಾಕಿದ್ದೆರಿ. ಇವನೇ ಅಳಿಸಿದ.”

“ಇಲ್ರಿ ಸಾರ್. ಪ್ಯಾಂಟು ನೋಡಿದಾಕಿಗೆ ಕಬ್ಬಿಣ ಏನ್ ತಿಳೀತೈತಿ?”

ಮಾಲೀಕ ಫೋನ್ ಹಿಡಿದು ಹೊರಗೆ ಹೋದದ್ದೇ ತಡ, ಅವನ ಬಾಯಿಗೆ ‘ಅಕ್ಕ’ ವಾಪಸ್ ಬಂದಳು. “ಹಾಕಿಬಿಡಕ್ಕ. ನಿನಗ ಹೆಂಗೂ ಊರಾಗ ಜೀನ್ಸ್ ಹೊಲಿಯೋ ಕೆಲಸ ಸಿಗ್ತೈತಿ. ನನಗ ಇದೊಂದ.”

“ಆರು ತಿಂಗಳು ನನ್ನ ಕೈಯ ಮುದ್ದಿ ತಿಂದೆಲ್ಲೋ, ಉಪ್ಪು ಕಡಿಮಿ ಆಗಿತ್ತೇನು?”

ಸಹಿ ಮಾಡಿದರೆ ಬೇರೆ ಮೇಜಿನಲ್ಲಾದರೂ ಕೂರಿಸುತ್ತಾರೆ. ಇಲ್ಲವೆಂದರೆ ಗೇಟು. ಅದು ಅವಳಿಗೂ ಗೊತ್ತಿತ್ತು. ಎಲಡಿಕೆ ಚೀಲದಿಂದ ನೀಲಿ ಚಾಕ್‌ಪೀಸ್ ತೆಗೆದಳು. ಕಾಗದದ ಈ ಮೂಲೆಯಿಂದ ಆ ಮೂಲೆಗೆ ಇಂಟು ಗುರುತು ಎಳೆದಳು.

“ಇದನ್ನೂ ಉಜ್ಜು,” ಎಂದು ಗೇಟಿನ ಕಡೆ ನಡೆದಳು.